ಎಚ್‌ಟಿ-2 ಹತ್ರ ಯಾಕೆ ಯಾರೂ ನಿಲ್ಲಲ್ಲ?

18 ಆಗಸ್ಟ್ 2024, ಭಾನುವಾರ

ಅಕ್ಕನ ಮಗನ್ನ ಕರ್ಕೊಂಡು ಎಚ್‌ಎಎಲ್ ಮ್ಯೂಸಿಯಂಗೆ ಹೋಗಿದ್ದೆ. ಅವನು ಸೀದಾ ಮಾರುತ್ ಫೈಟರ್ ಜೆಟ್ ಮುಂದೆ ಹೋಗಿ ಫೋಟೋ ತೆಗಿ ಮಾಮ ಅಂತ ಶುರು ಮಾಡ್ದ. ತಪ್ಪೇನಿಲ್ಲ ಬಿಡಿ, ಜರ್ಮನಿಯ ಕುರ್ಟ್ ಟ್ಯಾಂಕ್ ಇಲ್ಲಿಗೆ ಬಂದು ಡಿಸೈನ್ ಮಾಡಿದ್ದು, 1961ರಲ್ಲಿ ಬೆಂಗಳೂರಲ್ಲೇ ಮೊದಲ ಸಲ ಹಾರಿದ್ದು, 71ರ ಯುದ್ಧದಲ್ಲಿ ರಾಜಸ್ಥಾನದ ಕಡೆ ಚೆನ್ನಾಗೇ ಕೆಲಸ ಮಾಡಿದ್ದು. ಆ ವಿಮಾನಕ್ಕೆ ತಕ್ಕಷ್ಟು ಶಕ್ತಿಯ ಎಂಜಿನ್ ಮಾತ್ರ ಸಿಗಲೇ ಇಲ್ಲ ಪಾಪ.

ನನ್ನ ಕಣ್ಣು ಹೋಗೋದು ಎಚ್‌ಟಿ-2 ಕಡೆ, ಹೊಸ ಪೈಲಟ್‌ಗಳಿಗೆ ಹಾರೋದು ಕಲಿಸೋ ಟ್ರೇನರ್ ವಿಮಾನ. ಗನ್ ಇಲ್ಲ ಬಾಂಬ್ ಇಲ್ಲ, ಒಂದರ ಹಿಂದೆ ಒಂದು ಎರಡು ಸೀಟು, 155 ಹಾರ್ಸ್‌ಪವರ್ ಎಂಜಿನ್, ಅಷ್ಟೇ. ಐಐಎಸ್‌ಸಿಲಿ ಏರೋನಾಟಿಕಲ್ ವಿಭಾಗ ಕಟ್ಟಿದ ವಿ.ಎಂ. ಘಾಟಗೆ ಅವರ ಡಿಸೈನ್ ಇದು, 1951ರಲ್ಲಿ ಹಾರ್ತು, ಅಲ್ಲಿವರೆಗೂ ನಮ್ಮ ಹುಡುಗರು ಕಲೀತಿದ್ದಿದ್ದು ಬ್ರಿಟಿಷರ ಟೈಗರ್ ಮಾತ್‌ನಲ್ಲಿ. ಆಗೆಲ್ಲ ಮೊದಲು ಎಚ್‌ಟಿ-2, ಆಮೇಲೆ ಹಾರ್ವರ್ಡ್, ಅದಾದ್ಮೇಲೆ ವ್ಯಾಂಪೈರ್ ಜೆಟ್, ಹೀಗೆ ಮೆಟ್ಟಿಲು ಹತ್ಕೊಂಡು ಹೋದವರೇ ಮುಂದೆ ಹಂಟರ್, ನ್ಯಾಟ್ ಅಂತ ಫೈಟರ್‌ಗಳನ್ನ ಹಾರಿಸಿದ್ದು. ಬಾಲದ ಕಡೆ ಪುಟ್ಟ ಚಕ್ರ ಇರೋ ವಿಮಾನ ಇದು, ಇಳಿದಾಯ್ತು ಅಂತ ಪೆಡಲ್ ಮೇಲೆ ಕಾಲು ಸಡಿಲ ಬಿಟ್ರೆ ರನ್‌ವೇ ಮೇಲೇ ಗಿರಕಿ ಹೊಡೆಯೋ ಜಾತಿ, ಹಾಗಾಗಿ ಸೋಂಬೇರಿಗಳಿಗೆ ಆಗ್ತಿರಲಿಲ್ಲ. ನಮ್ಮ ಬೀದರ್ ಏರ್‌ಫೋರ್ಸ್ ಸ್ಟೇಷನ್ ಟ್ರೇನಿಂಗ್ ಸ್ಕೂಲ್ ಆಗಿದ್ದೂ ಇದರಿಂದ್ಲೇ, 1963ರಲ್ಲಿ. ಘಾನಾ ದೇಶ ಏರ್‌ಫೋರ್ಸ್ ಶುರು ಮಾಡಿದಾಗ ಅವರೂ ಇದನ್ನೇ ತಗೊಂಡ್ರು!

"ಇದು ಯುದ್ಧಕ್ಕೆ ಹೋಗಿತ್ತಾ ಮಾಮ?" ಅಂದ. ಇಲ್ಲ ಕಣೋ, ಇದರಂಥವುಗಳಲ್ಲಿ ಕಲಿಸೋ ಮೇಷ್ಟ್ರುಗಳು ಹೋಗಿದ್ರು ಅಂತ ಕೊಡಗಿನ ಅಜ್ಜಮಾಡ ದೇವಯ್ಯ ಅವರ ಕಥೆ ಹೇಳ್ದೆ. ಫ್ಲೈಯಿಂಗ್ ಕಾಲೇಜಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದೋರು, 65ರ ಯುದ್ಧ ಬಂತು ಅಂತ ಸ್ಕ್ವಾಡ್ರನ್‌ಗೆ ಹೋದ್ರು, ಸೆಪ್ಟೆಂಬರ್ 7ಕ್ಕೆ ಸರ್ಗೋಧಾ ಏರ್‌ಬೇಸ್ ಮೇಲೆ ದಾಳಿ ಮುಗಿಸಿ ವಾಪಸ್ ಬರುವಾಗ ಪಾಕಿಸ್ತಾನದ ಸ್ಟಾರ್‌ಫೈಟರ್ ಜೆಟ್ ಬೆನ್ನು ಬಿತ್ತು. ಅದು ಶಬ್ದದ ಎರಡರಷ್ಟು ಸ್ಪೀಡಿಂದು, ಇವರ ಮಿಸ್ಟೇರ್ ಅದರ ಅರ್ಧನೂ ಇಲ್ಲ, ಅಂಥದ್ರಲ್ಲಿ ಏಟು ತಿಂದ ವಿಮಾನದಲ್ಲೇ ತಿರುಗಿ ಅದನ್ನ ಹೊಡೆದು ಹಾಕಿದ್ರು. ಆದ್ರೆ ಅವರು ವಾಪಸ್ ಬರಲಿಲ್ಲ. ಏನು ನಡೀತು ಅಂತ ನಮ್ಮವರಿಗೆ ಗೊತ್ತಾಗೋಕೇ ಎಷ್ಟೋ ವರ್ಷ ಹಿಡೀತು, ಮಹಾವೀರ ಚಕ್ರ ಬಂದಿದ್ದು 1988ರಲ್ಲಿ.

ಟ್ರೇನರ್ ವಿಮಾನಗಳ ವಿಷಯದಲ್ಲಿ ನಮ್ಮ ಸರ್ಕಾರಗಳ ಅಸಡ್ಡೆ ನೋಡಿದ್ರೆ ಮಾತ್ರ ಸಿಟ್ಟು ಬರುತ್ತೆ. ಎಚ್‌ಟಿ-2 ಆದ್ಮೇಲೆ ಬಂದ ಎಚ್‌ಪಿಟಿ-32 ಆ್ಯಕ್ಸಿಡೆಂಟ್‌ಗಳಿಂದ 2009ರಲ್ಲಿ ನಿಂತೇ ಹೋಯ್ತು, ಸ್ವಿಸ್‌ನಿಂದ ಪಿಲಾಟಸ್ ತರಿಸ್ಕೊಂಡಿದ್ದಾಯ್ತು. ಇಲ್ಲೇ ಮಾಡಿರೋ ಎಚ್‌ಟಿಟಿ-40 ಹಾರಿದ್ದು 2016ರಲ್ಲಿ, 70 ವಿಮಾನಕ್ಕೆ ಸೈನ್ ಬಿದ್ದಿದ್ದು 2023ರಲ್ಲಿ. ತೇಜಸ್ ಲೇಟಾದ್ರೆ ಟಿವೀಲಿ ಕೂಗಾಡ್ತಾರಲ್ಲ, ಇದಕ್ಕೂ ಸ್ವಲ್ಪ ಕೂಗಾಡ್ರಪ್ಪ.