ಕಪ್‌ಗಳೇ ಕಟ್ಟುವ ಗೋಳ

ಬಳಸಿ ಬಿಸಾಡುವ ಪ್ಲಾಸ್ಟಿಕ್ ಕಪ್ ಬಾಯಲ್ಲಿ ಅಗಲ, ಬುಡದಲ್ಲಿ ಕಿರಿದು. ಹಾಗಾಗಿ ಬುಡ ಒಳಗೆ, ಬಾಯಿ ಹೊರಗೆ ಬರುವಂತೆ ಪಕ್ಕಪಕ್ಕ ಜೋಡಿಸುತ್ತ ಹೋದರೆ ಸಾಲು ತಾನೇ ಬಾಗಿ ತೂಗುದೀಪದ ಗೋಳವಾಗುತ್ತದೆ. ಅಚ್ಚು, ಚೌಕಟ್ಟು ಏನೂ ಬೇಡ. ಬಾಯಿ 70 ಮಿ.ಮೀ., ಬುಡ 45, ಎತ್ತರ 80 ಇದ್ದರೆ ಗೋಳದ ತ್ರಿಜ್ಯ 80×70÷(70−45), ಅಂದರೆ ಸುಮಾರು 22 ಸೆಂ.ಮೀ. ಕಪ್ 140ರ ಆಸುಪಾಸು ಸಾಕು.

ಬಾಯಂಚಿನಲ್ಲಷ್ಟೇ ಸ್ಟೇಪಲ್ ಹೊಡೆದರೆ ಬುಡಗಳು ಅಗಲಿ ಗೋಳ ಮುಚ್ಚಿಕೊಳ್ಳುವುದೇ ಇಲ್ಲ. ಒಳಗೆ ಕೈಹಾಕಿ ಬುಡದ ಬಳಿಯೂ ಒಂದು ಹೊಡೆಯಿರಿ. ಹಿಚುಕಿದಾಗ ಚಟ್ಟೆಂದು ಸೀಳುವುದು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್, ಅದು ಸ್ಟೇಪಲ್ ತಡೆಯದು. ಮಣಿದು ಮರಳುವ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಕಪ್ ಆರಿಸಿ. ಬಿಸಿ ಅಂಟಂತೂ ತೆಳು ಗೋಡೆಯನ್ನೇ ಸುಕ್ಕಾಗಿಸುತ್ತದೆ.

ಕೊನೆಯ ಕಂಡಿಗೆ ಕಪ್ ಸರಿಯಾಗಿ ಕೂರುವುದಿಲ್ಲ. ತುರುಕಬೇಡಿ. ಆ ಕಂಡಿಯನ್ನೇ ಮೇಲ್ಮುಖವಾಗಿಸಿ ತೂಗುದಾರ, ಎಲ್‌ಇಡಿ ವೈರು ಇಳಿಸಿ. ಬಿಸಿಯಾಗುವ ಹಳೇ ಬಲ್ಬು ಮಾತ್ರ ಬೇಡ.