ನೋವೇ ಇಲ್ಲ ಕಣ್ ಮಗ

"ನೋವೇ ಇಲ್ಲ ಕಣ್ ಮಗ, ಬಿಡತ್ಲಾಗೆ." ವಾರ ಪೂರ್ತಿ ಅವ್ವನ ಈ ಮಾತೇ ಕಿವಿಯಲ್ಲಿದೆ.

ಭಾನುವಾರ ಪಾಂಡವಪುರದಿಂದ ಮೈಸೂರಿಗೆ ಬಂದಿದ್ದಳು. ಊಟದಲ್ಲಿ ಕಾಳನ್ನೆಲ್ಲ ಬಲಗಡೆಯಲ್ಲೇ ಅಗಿಯುತ್ತಿದ್ದಳು. ಬಾಯಿ ತೆಗಿ ಅಂದೆ. ಟಾರ್ಚ್ ಹಾಕಿ ನೋಡಿದರೆ ಎಡಗೆನ್ನೆಯ ಒಳಗೆ ಕಡಲೆಕಾಳಿನಷ್ಟು ಗಂಟು, ನುಣ್ಣಗೆ. ಮೂರು ತಿಂಗಳಿಂದ ಇದೆಯಂತೆ!

ಚಿಕ್ಕಮ್ಮ ಫೋನಿನಲ್ಲಿ, "ಉಷ್ಣ ಕಣೋ. ಕತ್ತರಿ ಆಡಿಸಿದ್ರೆ ಹರಡ್ತದೆ" ಅಂದಳು. ಚಿಕ್ಕಮ್ಮ ಒಳ್ಳೆಯವಳು. ಆದರೆ ಈ ಮಾತಿಗೆ ಹೆದರಿ ಎಷ್ಟು ಜನ ಮನೆಯಲ್ಲೇ ಕೂತಿದ್ದಾರೋ ಅಂತ ಸಿಟ್ಟು ಬಂತು.

ಸೋಮವಾರ ದಂತವೈದ್ಯೆ ಬೆರಳಿಂದ ಒತ್ತಿ ನೋಡಿದರು. ಪಕ್ಕದ ಮುರಿದ ಹಲ್ಲು ಉಜ್ಜಿ ಉಜ್ಜಿ ಗಂಟು ಕಟ್ಟಿದೆ, ಫೈಬ್ರೋಮಾ ಅನ್ನೋ ನಾರಿನ ಗಂಟು ಇರಬೇಕು ಅಂದರು. ತುಟಿಯೊಳಗೆ ನೀರುಗುಳ್ಳೆ ಥರ ಬಂದರೆ ಅದು ಸಾಮಾನ್ಯವಾಗಿ ಎಂಜಲಿನ ನಾಳಕ್ಕೆ ಪೆಟ್ಟಾದದ್ದಂತೆ. ಅಂಗುಳದ ನಡುವೆ ಕಲ್ಲಿನಂತೆ ಗಟ್ಟಿ ಇದ್ದರೆ ಬಹಳ ಸಲ ಮೂಳೆಯೇ ಬೆಳೆದದ್ದು. ಇವುಗಳಿಂದ ಅಪಾಯವಿಲ್ಲ. "ಆದ್ರೆ ಬಾಯಿ ಕ್ಯಾನ್ಸರ್ ಕೂಡ ಶುರುವಲ್ಲಿ ಎಷ್ಟೋ ಸಲ ನೋಯಲ್ಲ ಅಮ್ಮ. ಗಂಟೋ, ಹುಣ್ಣೋ, ಬಿಳಿ ಮಚ್ಚೆಯೋ, ಎರಡು ವಾರದಲ್ಲಿ ಹೋಗದಿದ್ರೆ ತೋರಿಸಲೇಬೇಕು."

ಆಮೇಲೆ, ಬಾಯಿ ಎಷ್ಟು ತೆರೆಯುತ್ತದೆ ನೋಡೋಣ, ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಇಡಿ ಅಂದರು. ಅವ್ವ ಸುಣ್ಣದ ಕಲೆಯ ಬೆರಳು ಇಟ್ಟಳು. ಎರಡೇ ಹೋದವು. ಮೂರನೆಯದನ್ನು ತುರುಕಲು ನೋಡಿದಳು, ಕಣ್ಣಲ್ಲಿ ನೀರು ಬಂತು. ಅದನ್ನು ನೋಡಲಾಗಲಿಲ್ಲ.

ನಲವತ್ತು ವರ್ಷದ ಎಲೆ ಅಡಿಕೆ. ಕೆನ್ನೆಯ ಒಳಗೆಲ್ಲ ನಾರುಗಟ್ಟಿ ಬಿಗಿದಿದೆ. ಕೆಲವರಿಗೆ ಇದೇ ಮುಂದೆ ಕ್ಯಾನ್ಸರಿಗೆ ತಿರುಗುತ್ತದೆ. ಹೊಗೆಸೊಪ್ಪು ಮುಟ್ಟಲ್ಲ ಅನ್ನೋದು ಅವ್ವನ ಧೈರ್ಯ. ಆದರೆ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ತಾಂಬೂಲವಿಲ್ಲದೆ ನಮ್ಮಲ್ಲಿ ಯಾವ ಶುಭಕಾರ್ಯ ನಡೆಯುತ್ತದೆ ಹೇಳಿ? ಅಂಥದ್ದನ್ನು ಅವ್ವನಿಗೆ ಕೆಟ್ಟದ್ದು ಅನ್ನೋದು ಕಷ್ಟ.

ಹಸು ಒಂದು ಹೊತ್ತು ಮೇವು ಬಿಟ್ಟರೆ ಅವ್ವ ಡಾಕ್ಟರಿಗೆ ಹೇಳಿಕಳಿಸುತ್ತಾಳೆ. ಹೆಂಗಸರಿಗೆ ಬಸ್ಸು 2023ರಿಂದ ಪುಕ್ಕಟೆ. ಮದುವೆಗೆ, ಚಾಮುಂಡಿ ಬೆಟ್ಟಕ್ಕೆ ಹತ್ತುತ್ತಾಳೆ. ತನ್ನ ಬಾಯಿ ತೋರಿಸೋಕೆ ಮಾತ್ರ ನೋವು ಬರಬೇಕು. ನೋವಿಲ್ಲದಿದ್ದರೆ ಆಸ್ಪತ್ರೆಗೆ ಹೋಗೋ ಹಕ್ಕೇ ತನಗಿಲ್ಲ ಅಂದುಕೊಂಡಿದ್ದಾಳೆ. ಅವಳು ಮನೆಯಲ್ಲಿ ಹಾಗೆ ಅಂದುಕೊಳ್ಳೋ ಹಾಗೆ ಮಾಡಿದವರಲ್ಲಿ ನಾನೂ ಒಬ್ಬ.

ಗಂಟು ತೆಗೆದು ಪರೀಕ್ಷೆಗೆ ಕಳಿಸಿದ್ದರು. ನಿನ್ನೆ ರಿಪೋರ್ಟ್ ಬಂತು. ಫೈಬ್ರೋಮಾನೇ. ಊರಿಗೆ ಫೋನ್ ಮಾಡಿ, ಅಡಿಕೆ ಬಿಟ್ಯಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ನಿಮ್ಮ ಚಿಕ್ಕಮ್ಮನ ಕೈಲೂ ಬೆರಳು ಇಡಿಸ್ದೆ ಕಣ್ ಮಗ. ಅವಳಿಗೂ ಎರಡೇ ಹೋದೊ. ಸೋಮವಾರ ಹೊಲಿಗೆ ತೋರ್ಸಕ್ಕೆ ಬತ್ತಿನಲ್ಲ, ಕರ್ಕೊಂಡ್ ಬತ್ತೀನಿ."