ಶಿವಮೊಗ್ಗದಿಂದ ಸಿಗಂದೂರಿನ ಸೇತುವೆಯವರೆಗೆ ಸೈಕಲ್ಲಿನಲ್ಲಿ

ಮಲೆನಾಡಿನಲ್ಲಿ ಸೈಕಲ್ ತುಳಿಯಲು ಹೊರಡುವವರು ಮೊದಲು ಕೇಳುವುದು ದಿನಕ್ಕೆ ಎಷ್ಟು ಕಿಲೋಮೀಟರು ಹೋಗಬಹುದು ಎಂದು. 2025ರ ಡಿಸೆಂಬರ್ ಮೊದಲ ವಾರದಲ್ಲಿ ನಾನು ಮತ್ತು ನನ್ನ ಭಾವ ಶಿವಮೊಗ್ಗದಿಂದ ತೀರ್ಥಹಳ್ಳಿ, ಕವಲೇದುರ್ಗ, ನಗರವೆಂಬ ಊರು, ನಿಟ್ಟೂರು, ತುಮರಿಗಳ ಮೂಲಕ ಸಾಗರಕ್ಕೆ ಹೋಗುವಾಗ ಅದೇ ಲೆಕ್ಕ ಹಾಕಿಕೊಂಡು ಹೊರಟಿದ್ದೆವು. ಎರಡನೆಯ ದಿನವೇ ಆ ಲೆಕ್ಕ ತಪ್ಪಿತು. ಬಯಲುಸೀಮೆಯಲ್ಲಿ ದಿನಕ್ಕೆ ನೂರು ಕಿ.ಮೀ. ಸಲೀಸಾಗಿ ಹೋಗುವವರಿಗೂ ಇಲ್ಲಿ ಐವತ್ತು ಸಾಕಾಗುತ್ತದೆ. ಒಂದು ಘಟ್ಟವನ್ನು ಹತ್ತಿ ಮುಗಿಸಿದೆವು ಎಂಬ ನೆಮ್ಮದಿ ಈ ದಾರಿಯಲ್ಲಿ ಸಿಗುವುದಿಲ್ಲ. ಹಳ್ಳಕ್ಕೆ ಇಳಿದು, ಮೋರಿ ದಾಟಿ, ಎರಡು ದರೆಗಳ (ರಸ್ತೆಗಾಗಿ ಕಡಿದ ಮಣ್ಣಿನ ಗೋಡೆಗಳ) ನಡುವೆ ಮತ್ತೆ ಏರಿ, ಮೇಲೆ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮುಂದಿನ ಹಳ್ಳ ಬಂದಿರುತ್ತದೆ. ಆದ್ದರಿಂದ ದಾರಿಯನ್ನು ಗೊತ್ತುಮಾಡುವಾಗ ದೂರವನ್ನು ನೋಡುವುದಕ್ಕಿಂತ ಒಟ್ಟು ಎಷ್ಟು ಮೀಟರು ಏರಬೇಕು ಎಂಬುದನ್ನು ನಕ್ಷೆಯಲ್ಲಿ ನೋಡಿಕೊಳ್ಳಿ, ಮತ್ತು ಸಂಜೆ ನಾಲ್ಕರೊಳಗೆ ತಂಗುವ ಜಾಗ ಸೇರುವಂತೆ ದಿನವನ್ನು ಹಂಚಿಕೊಳ್ಳಿ. ಕಾಡಿನ ನಡುವಿನ ರಸ್ತೆಯಲ್ಲಿ ಬೆಳಕು ಬೇಗ ಕುಂದುತ್ತದೆ, ಮುಸ್ಸಂಜೆಯ ಹೊತ್ತಿಗೆ ಕಾಟಿಗಳು (ಕಾಡುಕೋಣಗಳು) ರಸ್ತೆಗೆ ಬರುವುದೂ ಉಂಟು.

ಹೊರಡುವ ಕಾಲದ ವಿಷಯದಲ್ಲಿ ರಾಜಿ ಬೇಡ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಘಟ್ಟದ ಅಂಚಿನ ಹುಲಿಕಲ್, ಮಾಸ್ತಿಕಟ್ಟೆ, ನಗರದ ಸುತ್ತಲೂ ಮಳೆ ಅಷ್ಟೇ ಜೋರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೋಟ ಚೆಂದವೇ, ಆದರೆ ಪಾಚಿ ಕಟ್ಟಿದ ರಸ್ತೆಯ ಅಂಚು, ಕುಸಿದ ದರೆ, ಕಾಲಿಗೆ ಹತ್ತುವ ಉಂಬಳ (ಜಿಗಣೆ) ಇವೆಲ್ಲದರ ನಡುವೆ ಹೊರೆ ಕಟ್ಟಿದ ಸೈಕಲ್ಲನ್ನು ನಡೆಸುವುದು ಅಪಾಯ. ಅಕ್ಟೋಬರಿನಲ್ಲಿ ಮಳೆಗಾಲದ ಗುಂಡಿಗಳು ಇನ್ನೂ ಬಾಯಿ ತೆರೆದುಕೊಂಡಿರುತ್ತವೆ. ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗಿನ ಕಾಲವೇ ಸರಿ. ಆಗ ಅಡಿಕೆ ಕೊಯ್ಲಿನ ದಿನಗಳಾದ್ದರಿಂದ ಹಲವು ಮನೆಗಳ ಅಂಗಳದಲ್ಲಿ ಹಂಡೆಗಳಲ್ಲಿ ಅಡಿಕೆ ಬೇಯುತ್ತಿರುತ್ತದೆ, ಅಡಿಕೆ ಬೇಯಿಸಿದ ರಸವಾದ ಚೊಗರಿನ ಆ ವಾಸನೆ ರಸ್ತೆಯವರೆಗೂ ಬರುತ್ತದೆ. ಬೆಳಿಗ್ಗೆ ಎಂಟರವರೆಗೆ ಮಂಜು ದಟ್ಟವಾಗಿರುವುದರಿಂದ ಹಿಂದಿನ ಕೆಂಪು ದೀಪವನ್ನು ಹಗಲಿನಲ್ಲೂ ಉರಿಸಬೇಕು. ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆಯ ಜಾತ್ರೆ, ಸಿಗಂದೂರಿನಲ್ಲಿ ಮಕರ ಸಂಕ್ರಾಂತಿಯ ಜಾತ್ರೆ ನಡೆಯುವ ದಿನಗಳಲ್ಲಿ ಕೊಠಡಿ ಸಿಗುವುದು ಕಷ್ಟ. ಪಂಚಾಂಗ ನೋಡಿಯೇ ದಿನ ಗೊತ್ತುಮಾಡಿ.

ಸೈಕಲ್ ಹೇಗಿರಬೇಕು ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಪೆಡಲಿನ ಬಳಿಯ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೂ 34 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಚಕ್ರವೂ ಒಂದೇ ಸುತ್ತು ತಿರುಗುತ್ತದೆ, ಅಂದರೆ ಸುಮಾರು 2.1 ಮೀಟರು ಮುಂದೆ ಹೋಗುತ್ತದೆ. ನಿಮಿಷಕ್ಕೆ ಅರವತ್ತು ಸುತ್ತು ತುಳಿದರೆ ವೇಗ ಗಂಟೆಗೆ ಏಳೂವರೆ ಕಿಲೋಮೀಟರು. ಏರಿನಲ್ಲಿ ಮಂಡಿಗೆ ನೋವಾಗದಂತೆ, ಸೀಟಿನ ಮೇಲೆ ಕುಳಿತೇ ಸಾಗಲು ಇಷ್ಟು ಹಗುರವಾದ ಗೇರು ಬೇಕೇ ಬೇಕು. ಇನ್ನೂ ಹಗುರವಾದದ್ದಿದ್ದರೆ ಒಳ್ಳೆಯದು. ನನ್ನ ಸೈಕಲ್ಲಿನಲ್ಲಿ ಅದಿತ್ತು. ಭಾವನದು ಅದಕ್ಕಿಂತ ಭಾರವಾದ ಗೇರು. ಕವಲೇದುರ್ಗದ ದಾರಿಯಲ್ಲಿ ಅವರು ನಾಲ್ಕು ಕಡೆ ಇಳಿದು ತಳ್ಳಬೇಕಾಯಿತು. ಟೈರು 35ರಿಂದ 40 ಮಿ.ಮೀ. ಅಗಲವಿದ್ದರೆ ಜಂಬಿಟ್ಟಿಗೆಯ ಪುಡಿ ಹರಡಿದ ತಿರುವುಗಳಲ್ಲಿ ಹಿಡಿತ ಸಿಗುತ್ತದೆ. ಸಾಮಾನು ಎಂಟು ಕಿಲೋ ದಾಟದಿರಲಿ. ನಾವು ಡೇರೆ ಒಯ್ಯಲಿಲ್ಲ, ಒಯ್ಯಿರೆಂದು ಹೇಳುವುದೂ ಇಲ್ಲ. ಈ ದಾರಿಯ ಬಹುಭಾಗ ಕಾಯ್ದಿಟ್ಟ ಅರಣ್ಯದ ಮತ್ತು ವನ್ಯಜೀವಿಧಾಮಗಳ ಪಕ್ಕದಲ್ಲೇ ಹೋಗುವುದರಿಂದ ಅನುಮತಿಯಿಲ್ಲದೆ ಕಾಡಿನಲ್ಲಿ ತಂಗುವಂತಿಲ್ಲ.

ಮೊದಲ ದಿನದ ಶಿವಮೊಗ್ಗ–ತೀರ್ಥಹಳ್ಳಿ ದಾರಿ ಸುಮಾರು 60 ಕಿ.ಮೀ. ಇದು ರಾಷ್ಟ್ರೀಯ ಹೆದ್ದಾರಿ 169, ಶಾಂತವಾದ ರಸ್ತೆಯೇನಲ್ಲ. ಬೆಳಿಗ್ಗೆ ಆರಕ್ಕೆ ಹೊರಟರೆ ಗಾಜನೂರು, ಸಕ್ರೆಬೈಲುಗಳನ್ನು ಲಾರಿ, ಬಸ್ಸುಗಳು ಹೆಚ್ಚಾಗುವ ಮೊದಲೇ ದಾಟಬಹುದು. ಮಂಡಗದ್ದೆಯ ಪಕ್ಷಿಗಳು ತುಂಗಾ ನದಿಯ ನಡುಗಡ್ಡೆಗಳಲ್ಲಿ ಗೂಡು ಕಟ್ಟುವುದು ಮಳೆಗಾಲದಲ್ಲಿ. ಡಿಸೆಂಬರಿನಲ್ಲಿ ಅದಕ್ಕಾಗಿ ನಿಲ್ಲುವ ಅಗತ್ಯವಿಲ್ಲ. ತೀರ್ಥಹಳ್ಳಿಯಿಂದ ಆಗುಂಬೆಯ ಕಡೆ ಹೋಗುವ ಆಸೆ ಹಲವರಿಗಿರುತ್ತದೆ. ಆದರೆ ಆಗುಂಬೆ ಘಾಟಿಯ 14 ಕಡಿದಾದ ತಿರುವುಗಳು ಇಕ್ಕಟ್ಟಾಗಿದ್ದು, ಕರಾವಳಿಗೆ ಹೋಗಿಬರುವ ವಾಹನಗಳ ಸಾಲು ಬಿಡುವುದೇ ಇಲ್ಲ. ನಿಶ್ಶಬ್ದವನ್ನು ಹುಡುಕಿಕೊಂಡು ಹೊರಟವರು ತೀರ್ಥಹಳ್ಳಿಯಿಂದಲೇ ವಾಯವ್ಯಕ್ಕೆ, ಕವಲೇದುರ್ಗದ ಕಡೆಗೆ ತಿರುಗುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ತೀರ್ಥಹಳ್ಳಿಯನ್ನು ಬಿಟ್ಟು ಒಂದು ಗಂಟೆಯೊಳಗೆ ರಸ್ತೆ ಕಿರಿದಾಯಿತು, ವಾಹನಗಳು ನಿಂತೇಹೋದಂತಾಯಿತು. ಒಂದು ಬದಿಗೆ ತೋಟ, ಇನ್ನೊಂದು ಬದಿಗೆ ತೋಟಕ್ಕೆ ಸೊಪ್ಪು ಕಡಿಯುವ ಸೊಪ್ಪಿನಬೆಟ್ಟ, ನಡುವೆ ಗದ್ದೆಯ ಕೋಗು (ಕಿರಿದಾದ ಪಟ್ಟಿ). ನಮ್ಮ ಚೈನಿನ ಸದ್ದು ನಮಗೇ ಕೇಳುತ್ತಿತ್ತು. ಆ ದಿನ ಕವಲೇದುರ್ಗದ ಕೋಟೆ ನೋಡಿಕೊಂಡು ನಗರವನ್ನೂ ದಾಟಿ ನಿಟ್ಟೂರು ಸೇರಬೇಕೆಂದು ನಾವು ಅಂದುಕೊಂಡಿದ್ದೆವು. ಕವಲೇದುರ್ಗದ ಬುಡ ತಲುಪುವಷ್ಟರಲ್ಲಿ ಹನ್ನೊಂದಾಗಿತ್ತು. ಸೈಕಲ್ಲುಗಳನ್ನು ಊರಿನ ಮನೆಯೊಂದರ ಅಂಗಳದಲ್ಲಿ ಕೇಳಿಕೊಂಡು ನಿಲ್ಲಿಸಿ, ಗದ್ದೆ ದಾಟಿ ಕಲ್ಲು ಹಾಸಿದ ಹಾದಿಯಲ್ಲಿ ನಡೆಯಬೇಕು. ಅಡಿಯಲ್ಲಿ ಲೋಹದ ಕೊಕ್ಕೆಯಿರುವ ಸೈಕಲ್ ಬೂಟು ಹಾಕಿಕೊಂಡು ಈ ಹಾದಿಗೆ ಕಾಲಿಡಬೇಡಿ. ಕಾಲಕ್ರಮೇಣ ನುಣುಪಾದ ಆ ಚಪ್ಪಡಿಗಳ ಮೇಲೆ ನಾನು ಎರಡು ಬಾರಿ ಜಾರಿದೆ. ಕೆಳದಿ ಅರಸರ ಈ ಕೋಟೆಗೆ ಒಂದರೊಳಗೊಂದು ಮೂರು ಸುತ್ತುಗಳಿವೆ, ಗೋಡೆಗಳು ಗುಡ್ಡದ ಮೈಯನ್ನೇ ಅನುಸರಿಸಿ ಬಳಸುತ್ತವೆ. ಕಾಶಿ ವಿಶ್ವನಾಥ ದೇವಾಲಯ, ಅರಮನೆಯ ತಳಪಾಯ, ಕೊಳ ಇವನ್ನು ನೋಡಿ ತುದಿಯ ಗುಡಿಯವರೆಗೆ ಹೋಗಿಬರಲು ಎರಡೂವರೆ ಗಂಟೆ ಬೇಕು. ಅಷ್ಟು ಸಮಯ ಕೊಡಲಾಗದಿದ್ದರೆ ಬೇರೆ ದಿನ ಬರುವುದೇ ವಾಸಿ, ಓಡೋಡಿ ನೋಡುವ ಜಾಗ ಅದಲ್ಲ. ಇಳಿದು ಬಂದಾಗ ಎರಡು ಗಂಟೆ ಸಮೀಪಿಸಿತ್ತು. ನಿಟ್ಟೂರಿನ ಆಸೆ ಬಿಟ್ಟು ನಗರದಲ್ಲೇ ಉಳಿಯುವುದೆಂದು ತೀರ್ಮಾನಿಸಿ, ಹೋಂಸ್ಟೇ ಒಂದಕ್ಕೆ ಫೋನು ಮಾಡಿದೆವು. ಮುಂದೆ ಸಿಗ್ನಲ್ ಬಂದು ಹೋಗುತ್ತಿದ್ದುದರಿಂದ ಆ ಫೋನನ್ನು ಅಲ್ಲೇ ಮಾಡಿದ್ದು ಒಳ್ಳೆಯದಾಯಿತು. ನಕ್ಷೆಯನ್ನೂ ಮೊದಲೇ ಮೊಬೈಲಿಗೆ ಇಳಿಸಿಕೊಂಡಿರಬೇಕು.

ನಗರವೆಂದರೆ ಹಿಂದಿನ ಬಿದನೂರು; 1763ರಲ್ಲಿ ಹೈದರಾಲಿಯ ವಶವಾಗುವವರೆಗೆ ಕೆಳದಿ ಅರಸರ ರಾಜಧಾನಿ. ಕೋಟೆ ರಸ್ತೆಯ ಪಕ್ಕದಲ್ಲೇ ಇದೆ. ಮರುದಿನ ಬೆಳಿಗ್ಗೆ ಅದನ್ನು ಅರ್ಧ ಗಂಟೆಯಲ್ಲಿ ನೋಡಿ ಮುಗಿಸಿ, ಹತ್ತಿರದ ದೇವಗಂಗೆಯ ಕಲ್ಲಿನ ಕೊಳಗಳ ಬಳಿ ಸ್ವಲ್ಪ ಹೊತ್ತು ಕುಳಿತೆವು. ಗುಡ್ಡದ ನೀರು ಒಂದು ಕೊಳದಿಂದ ಇನ್ನೊಂದಕ್ಕೆ ಸದ್ದಿಲ್ಲದೆ ಹರಿಯುವ ಆ ವ್ಯವಸ್ಥೆಯನ್ನು ನೋಡದೆ ಮುಂದೆ ಹೋಗಬೇಡಿ.

ಈ ಪ್ರವಾಸದ ಕಷ್ಟದ ದಿನ ಮೂರನೆಯದು. ನಗರದಿಂದ ಸಂಪೆಕಟ್ಟೆ, ನಿಟ್ಟೂರು ದಾಟಿ, ಮರಕುಟಿಕದಲ್ಲಿ ಬಲಕ್ಕೆ ತಿರುಗಿ ತುಮರಿಯ ಕಡೆ ಹೋಗುವ ಈ ದಾರಿ ಅರವತ್ತು ಕಿಲೋಮೀಟರಿನ ಆಸುಪಾಸಿನದು. ಎಡಗಡೆ 1343 ಮೀಟರು ಎತ್ತರದ ಕೊಡಚಾದ್ರಿ ಒಮ್ಮೆ ಕಾಣಿಸಿಕೊಂಡು ಒಮ್ಮೆ ಮರೆಯಾಗುತ್ತದೆ. ಮೇಲೆ ಹೋಗಬೇಕೆನ್ನುವವರು ಸೈಕಲ್ಲನ್ನು ಕೆಳಗೆ ಬಿಟ್ಟು ಜೀಪಿನಲ್ಲೋ ಕಾಲ್ನಡಿಗೆಯಲ್ಲೋ ಹೋಗಿ, ಅದಕ್ಕಾಗಿ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಆ ಜೀಪು ದಾರಿ ಹೊರೆ ಹೊತ್ತ ಸೈಕಲ್ಲಿಗೆ ತಕ್ಕದ್ದಲ್ಲ. ನಿಟ್ಟೂರಿಗೆ ಮೊದಲಿನ ಇಳುಕಲೊಂದರಲ್ಲಿ ಭಾವನ ಹಿಂದಿನ ಬ್ರೇಕಿನಿಂದ ಲೋಹ ಉಜ್ಜುವ ಸದ್ದು ಬಂದಿತು. ಬಿಚ್ಚಿ ನೋಡಿದರೆ ಡಿಸ್ಕ್ ಬ್ರೇಕಿನ ಪ್ಯಾಡು ಕಾಗದದಷ್ಟು ತೆಳುವಾಗಿತ್ತು. ಮಂಜಿನ ತೇವಕ್ಕೆ ಅಂಟಿದ ಕೆಂಪು ಮಣ್ಣು ಮರಳು ಕಾಗದದಂತೆ ಕೆಲಸ ಮಾಡಿತ್ತು, ಜೊತೆಗೆ ಅವರು ಇಳುಕಲಿನುದ್ದಕ್ಕೂ ಬ್ರೇಕನ್ನು ಹಿಡಿದೇ ಇರುತ್ತಿದ್ದರು. ನನ್ನ ಚೀಲದಲ್ಲಿ ಹೊಸ ಪ್ಯಾಡಿತ್ತು, ಆದರೆ ಅದು ನನ್ನ ಬ್ರೇಕಿನ ಆಕಾರದ್ದು. ಅವರ ಬ್ರೇಕಿಗೆ ಕೂರಲಿಲ್ಲ. ನಿಟ್ಟೂರಿನಲ್ಲಿ ವಿಚಾರಿಸಿದಾಗ ಸಿಕ್ಕಿದ್ದು ಸಾಮಾನ್ಯ ಸೈಕಲ್ಲಿನ ರಬ್ಬರು ಬ್ರೇಕು ಮಾತ್ರ. ಕೊನೆಗೆ ಮುಂದಿನ ಬ್ರೇಕಿನ ತಂತಿಯನ್ನು ಬಿಗಿ ಮಾಡಿಕೊಂಡು, ಕಡಿದಾದ ಇಳುಕಲುಗಳಲ್ಲಿ ಇಬ್ಬರೂ ಇಳಿದು ನಡೆದೆವು. ಪ್ರತಿಯೊಬ್ಬರೂ ತಮ್ಮ ಸೈಕಲ್ಲಿನದೇ ಎರಡು ಜೊತೆ ಪ್ಯಾಡು, ಎರಡು ಟ್ಯೂಬು, ಚೈನಿನ ಕೊಂಡಿ, ಪಂಪು ಇಟ್ಟುಕೊಳ್ಳಲೇಬೇಕು. ಇಳಿಯುವಾಗ ಬ್ರೇಕನ್ನು ಸತತವಾಗಿ ಹಿಡಿಯದೆ ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು, ತಿರುವಿನಲ್ಲಿ ಬಿಟ್ಟು, ಚಕ್ರಕ್ಕೆ ತಣಿಯಲು ಅವಕಾಶ ಕೊಡಬೇಕು.

ಹೀಗೆ ನಡೆಯುತ್ತಿದ್ದಾಗಲೇ ರಸ್ತೆಯ ಬದಿಯ ಮನೆಯ ಜಗುಲಿಯಿಂದ ಹಿರಿಯ ಹೆಂಗಸೊಬ್ಬರು, “ಬಿಸಿಲಲ್ಲಿ ತಳ್ಕೊಂಡು ಹೊರಟಿದ್ದೀರಲ್ಲ, ಬನ್ನಿ, ಆಸ್ರಿಗೆ ಎಂತ ಕೊಡ್ಲಿ?” ಎಂದು ಕರೆದರು. ಆಸ್ರಿಗೆ ಎಂದರೆ ಬಾಯಾರಿಕೆಗೆ. ಬೆಲ್ಲ, ನೀರು, ಆಮೇಲೆ ಉಪ್ಪು ಹಾಕಿದ ಮಜ್ಜಿಗೆ. ದುಡ್ಡಿನ ಮಾತೆತ್ತಿದ್ದಕ್ಕೆ ಅವರಿಗೆ ಬೇಸರವಾಯಿತು. ನೀವು ಆ ತಪ್ಪು ಮಾಡಬೇಡಿ. ಆದರೆ ಇಂಥ ಆದರವನ್ನೇ ನಂಬಿಕೊಂಡು ಹೊರಡುವುದೂ ಸರಿಯಲ್ಲ. ನಿಟ್ಟೂರಿನಿಂದ ತುಮರಿಯವರೆಗೆ ಹೋಟೆಲುಗಳು ವಿರಳ, ಮಧ್ಯಾಹ್ನದ ಊಟವನ್ನು ನಿಟ್ಟೂರಿನಲ್ಲೇ ಕಟ್ಟಿಸಿಕೊಂಡು, ತಲಾ ಮೂರು ಲೀಟರು ನೀರಿನೊಂದಿಗೆ ಮುಂದೆ ಹೋಗಿ. ಕಾಡಿನಂಚಿನಲ್ಲಿ ಕೋತಿಗಳು ಕಂಡರೆ ತಿನ್ನುವುದನ್ನು ಹೊರತೆಗೆಯಬೇಡಿ, ಕೊಡಲೂ ಬೇಡಿ.

ರಾತ್ರಿ ತುಮರಿಯ ಸಮೀಪ ತಂಗಿ, ನಾಲ್ಕನೆಯ ದಿನ ಸೂರ್ಯೋದಯಕ್ಕೆ ಕಳಸವಳ್ಳಿಯ ದಡಕ್ಕೆ ಬಂದೆವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡ ಮೇಲೆ ಶರಾವತಿಯ ಹಿನ್ನೀರು ಈ ಕಡೆಯ ಊರುಗಳನ್ನು ಸಾಗರದಿಂದ ಬೇರ್ಪಡಿಸಿತು. ಆಸ್ಪತ್ರೆಗಿರಲಿ ಕಾಲೇಜಿಗಿರಲಿ, ಲಾಂಚಿನ ಸಮಯಕ್ಕೆ ಕಾಯುವುದು ಇಲ್ಲಿಯವರ ಬದುಕಾಗಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸುಮಾರು 2.44 ಕಿ.ಮೀ. ಉದ್ದದ ಸಿಗಂದೂರು ಸೇತುವೆ ಸಂಚಾರಕ್ಕೆ ತೆರೆಯಿತು. ಹಿಂದೊಮ್ಮೆ ಸೈಕಲ್ಲನ್ನು ಲಾಂಚಿಗೆ ಹತ್ತಿಸಿ ಈ ನೀರನ್ನು ದಾಟಿದ್ದ ನನಗೆ, ಸೇತುವೆಯನ್ನು ತಂತಿಗಳಿಂದ ಎತ್ತಿಹಿಡಿದು, ಮಂಜಿನೊಳಗಿನಿಂದ ಮೂಡಿಬಂದ ಆ ಎತ್ತರದ ಕಂಬಗಳ ಕೆಳಗೆ ತುಳಿದುಕೊಂಡು ಹೋಗುವಾಗ ಗಂಟಲು ಕಟ್ಟಿತು. ಸೇತುವೆಯ ಮೇಲೆ ಅಡ್ಡಗಾಳಿ ಬಲವಾಗಿರುವುದರಿಂದ ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಹಿಡಿದಿರಿ. ವಾರಾಂತ್ಯಗಳಲ್ಲಿ ಸಿಗಂದೂರಿನ ದೇವಾಲಯಕ್ಕೆ ಹೋಗುವ ಕಾರುಗಳು ಸಾಲುಗಟ್ಟುತ್ತವೆ, ಫೋಟೋಕ್ಕಾಗಿ ಜನ ಎಲ್ಲೆಂದರಲ್ಲಿ ನಿಲ್ಲುತ್ತಾರೆ. ವಾರದ ನಡುವಿನ ದಿನ, ಬೆಳಿಗ್ಗೆ ಎಂಟರೊಳಗೆ ದಾಟುವುದು ಒಳ್ಳೆಯದು. ಅಲ್ಲಿಂದ ಆವಿನಹಳ್ಳಿಯ ಮೂಲಕ ಸಾಗರಕ್ಕೆ ಸುಮಾರು 30 ಕಿ.ಮೀ., ಏರುಗಳೂ ಹಿಂದಿನ ದಿನದಷ್ಟು ಕಾಡುವುದಿಲ್ಲ.

ಸಾಗರದಿಂದ ಶಿವಮೊಗ್ಗಕ್ಕೆ ಹಿಂದಿರುಗಲು ರೈಲೂ ಇದೆ, ಆದರೆ ಸೈಕಲ್ಲನ್ನು ಅದರಲ್ಲಿ ಕಳಿಸಬಹುದೇ ಎಂದು ಹೊರಡುವ ಮೊದಲೇ ಶಿವಮೊಗ್ಗದ ನಿಲ್ದಾಣದಲ್ಲಿ ವಿಚಾರಿಸಿಕೊಂಡಿರಬೇಕು. ನಾವು ವಿಚಾರಿಸಿರಲಿಲ್ಲವಾದ್ದರಿಂದ ಖಾಸಗಿ ಬಸ್ಸಿನ ಮೇಲೆ ಹಾಕಿಸಿದೆವು. ಹಾಗೆ ಹಾಕಿಸುವಾಗ ಗೇರಿನ ಬದಿ ಮೇಲೆ ಬರುವಂತೆ ಮಲಗಿಸಿ, ಪೆಡಲುಗಳನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು, ಹಗ್ಗವನ್ನು ಚಕ್ರಗಳಿಗೆ ಕಟ್ಟದೆ ನಡುವಿನ ಚೌಕಟ್ಟಿಗೇ ಕಟ್ಟಿಸಿ. ಹಗ್ಗ ನಿಮ್ಮದೇ ಇರಲಿ.